ಹನ್ನೊಂದನೆಯ ದಿನ ಊರಿಗೆ

14 ಜುಲೈ 2024, ಭಾನುವಾರ
ತೀರ್ಥಹಳ್ಳಿ ಸಮೀಪ

ಮಗಳನ್ನು ಇಂದು ಮಧ್ಯಾಹ್ನ ಊರಿಗೆ ಕರೆತಂದೆವು. ಬೆಂಗಳೂರಿನಲ್ಲಿ ಅವಳ ಹೃದಯದ ಮೇಲಿನ ಎರಡು ಕೋಣೆಗಳ ನಡುವಿದ್ದ ರಂಧ್ರವನ್ನು ಮುಚ್ಚಿ ಇಂದಿಗೆ ಹನ್ನೊಂದು ದಿನ. ಐದನೆಯ ದಿನವೇ ಡಿಸ್ಚಾರ್ಜ್ ಆಗಿತ್ತು. "ಎದೆ ಕೊಯ್ದ ಮಗುವನ್ನು ಇಷ್ಟು ಬೇಗ ಕಳಿಸಿಬಿಟ್ಟರೇನೇ?" ಎಂದು ಅತ್ತೆ ಫೋನಿನಲ್ಲಿ ಕೇಳಿದಾಗ ನನ್ನೊಳಗೂ ಅದೇ ಅಳುಕಿತ್ತು.

ಬೇಗ ಕಳಿಸುವ ಸಿದ್ಧತೆ ಶಸ್ತ್ರಚಿಕಿತ್ಸೆಗೆ ಮೊದಲೇ ಶುರುವಾಗಿರುತ್ತದೆ ಎಂಬುದು ನನಗೆ ಅಲ್ಲಿ ತಿಳಿಯಿತು. ರಾತ್ರಿಯಿಡೀ ಬಾಯಾರಿಸದೆ, ಅರಿವಳಿಕೆಗೆ ಎರಡು ಗಂಟೆ ಮುಂಚಿನವರೆಗೂ ಅವಳಿಗೆ ನೀರು ಕೊಟ್ಟರು. ನೋವಿಗೆ ಬೆನ್ನಿನ ಬಳಿ ಮರಗಟ್ಟಿಸುವ ಮದ್ದು ಕೊಟ್ಟಿದ್ದರಿಂದ, ಮಂಪರು ತರಿಸಿ ಕರುಳನ್ನು ನಿಧಾನವಾಗಿಸುವ ಮಾರ್ಫಿನ್‌ನಂಥ ಔಷಧ ಕಡಿಮೆ ಸಾಕಾಯಿತು. ಹಾಗಾಗಿ ಉಸಿರಾಟದ ಕೊಳವೆಯನ್ನು ಅಂದೇ ಸಂಜೆಯೊಳಗೆ ತೆಗೆಯಲು ಸಾಧ್ಯವಾಯಿತು. ಮರುದಿನ ಎದೆಯಲ್ಲಿ ಸೇರುವ ರಕ್ತ, ನೀರನ್ನು ಹೊರಹರಿಸುವ ಕೊಳವೆಯನ್ನು (ಡ್ರೈನ್) ತೆಗೆದರು, ಗಂಜಿ ಕುಡಿದಳು, ಅದರ ಮರುದಿನ ನನ್ನ ಬೆರಳು ಹಿಡಿದು ವಾರ್ಡಿನಲ್ಲಿ ನಡೆದಳು. ಎಲ್ಲ ಮಕ್ಕಳಿಗೂ ಇದು ಹೊಂದುವುದಿಲ್ಲ; ಜಟಿಲವಾದ ದೋಷವಿರುವ ಪಕ್ಕದ ಹಾಸಿಗೆಯ ಕೂಸು ಇನ್ನೂ ಐಸಿಯುವಿನಲ್ಲೇ ಇತ್ತು.

ಆದರೆ ಬೇಗ ಬಿಟ್ಟ ಮಗುವಿನ ನಿಗಾ ಮನೆಯವರ ಕೈಗೆ ಬರುತ್ತದೆ, ಮತ್ತು ಮಳೆಗಾಲದ ಮಲೆನಾಡಿನಲ್ಲಿ ಆ ಕೈಗಳು ಆಸ್ಪತ್ರೆಯಿಂದ ಬಹಳ ದೂರ. ಹೃದಯದ ಸುತ್ತ ನೀರು ತುಂಬುವ ತೊಂದರೆ ಮನೆಗೆ ಹೋದ ಮೇಲೂ, ಕೆಲವು ವಾರಗಳವರೆಗೆ, ಜ್ವರ, ಎದೆನೋವು, ವಾಂತಿ ಅಥವಾ ಏದುಸಿರಾಗಿ ಕಾಣಿಸಿಕೊಳ್ಳಬಹುದೆಂದು ಹೇಳಿದ್ದರು. ನಮ್ಮಲ್ಲಿ ಗಾಳಿಗೆ ಮರ ಬಿದ್ದರೆ ಕರೆಂಟೂ ಇಲ್ಲ, ಫೋನೂ ಇಲ್ಲ. "ಮನೆ ಎಷ್ಟು ದೂರ, ರಾತ್ರಿ ಗಾಡಿ ಸಿಗುತ್ತದೆಯೇ?" ಎಂದು ಕೇಳಿದ ವೈದ್ಯರು ನಮ್ಮನ್ನು ಶಿವಮೊಗ್ಗದ ಚಿಕ್ಕಮ್ಮನ ಮನೆಯಲ್ಲಿ ಉಳಿಯಲು ಹೇಳಿದರು. ದಿನಗಳನ್ನು ಎಣಿಸುವುದಕ್ಕಿಂತ ಮೊದಲು ಪ್ರತಿ ಆಸ್ಪತ್ರೆಯೂ ಈ ಪ್ರಶ್ನೆಯನ್ನು ಕೇಳಲೇಬೇಕು. ನಿನ್ನೆ ಶಿವಮೊಗ್ಗದಲ್ಲಿ ಹೃದಯದ ಸ್ಕ್ಯಾನ್ ಆದ ಎಕೋ ಮಾಡಿಸಿ, ನೀರು ತುಂಬಿಲ್ಲವೆಂದು ಖಚಿತವಾದ ಮೇಲೆಯೇ ಹೊರಟೆವು.

ಒಂದು ನೋವು ಉಳಿದಿದೆ. ಡಿಸ್ಚಾರ್ಜ್ ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವರು ಅತ್ತೆ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಹಾಗಾಗಿ ಔಷಧದ ಹೊತ್ತು, ಯಾವ ಲಕ್ಷಣ ಕಂಡರೆ ಕಾಯದೆ ಹೊರಡಬೇಕು ಎಂಬುದನ್ನೆಲ್ಲ ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆಮನೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿದೆ.

ಎದೆಮೂಳೆ ಕೂಡಲು ಆರು ವಾರವಾದರೂ ಬೇಕು, ಅಲ್ಲಿಯವರೆಗೆ ಕಂಕುಳಿಗೆ ಕೈಹಾಕಿ ಎತ್ತುವಂತಿಲ್ಲ. ಒಂದು ಕೈ ಭುಜದ ಹಿಂದೆ, ಇನ್ನೊಂದು ಕುಂಡೆಯ ಕೆಳಗೆ ಕೊಟ್ಟು ಎತ್ತುವುದನ್ನು ಅತ್ತೆ ಮೊದಲು ದಿಂಬಿನ ಮೇಲೆ ಮೂರು ಬಾರಿ ಅಭ್ಯಾಸ ಮಾಡಿದರು. ಗಾಯಕ್ಕೆ ಕೊಬ್ಬರಿ ಎಣ್ಣೆ ಹಚ್ಚೋಣವೆಂದವರು ನಾನು ಅಂಟಿಸಿದ ಚೀಟಿ ಓದಿ ಬಟ್ಟಲನ್ನು ಒಳಗಿಟ್ಟರು. ಈ ಮಳೆಯಲ್ಲಿ ಬಟ್ಟೆ ಒಣಗದು. ಹೊಗೆ ವಾಸನೆಯ ಹತ್ತಿಯ ಅಂಗಿಗೆ ಇಸ್ತ್ರಿ ಹಾಕಿ, ತೇವ ಉಳಿದಿಲ್ಲವೆಂದು ಕೆನ್ನೆಗೊತ್ತಿ ನೋಡಿ ತೊಡಿಸಿದೆ.

ರಾತ್ರಿ ಎಂಟಕ್ಕೆ ಜ್ವರವಿಲ್ಲ. ಮೊಸರನ್ನ ಪೂರ್ತಿ ಉಂಡಳು. ಶಾಲೆಗೆ ಎಂದಿನಿಂದ ಕಳಿಸಬಹುದೆಂದು ನಾಳೆ ವೈದ್ಯರಿಗೆ ಫೋನ್ ಮಾಡಿದಾಗ ಕೇಳಬೇಕು.