'ಓಪಿ' ಅಂದರೆ ಯಾರು? ಸ್ಲ್ಯಾಂಗ್‌ನ (ಗುಂಪಿನೊಳಗಿನ ಆಡುಮಾತಿನ) ಅರ್ಥ ಹಿಡಿಯುವ ಬಗೆ

ರೆಡ್ಡಿಟ್ ಎಂಬ ಚರ್ಚಾತಾಣದಲ್ಲಿ 'ಓಪಿ' ಅಂದರೆ ಆ ಚರ್ಚೆ ಶುರುಮಾಡಿದವರು. ಗೇಮಿನ ಚಾಟ್‌ನಲ್ಲಿ ಅದೇ 'ಓಪಿ' ಅಂದರೆ ಮಿತಿಮೀರಿ ಬಲವಿರುವ ಆಯುಧ ಅಥವಾ ಪಾತ್ರ. 'ಎಫ್‌ಎಫ್' ಇನ್ನೂ ಗೋಜಲು: ಲೀಗ್ ಆಫ್ ಲೆಜೆಂಡ್ಸ್ ಆಡುವವರಿಗೆ ಅದು 'ಸೋಲೊಪ್ಪಿಕೊಂಡು ಬಿಡೋಣ', ಶೂಟಿಂಗ್ ಗೇಮಿನವರಿಗೆ 'ನಮ್ಮ ಗುಂಡು ನಮ್ಮವರಿಗೇ ತಾಗುತ್ತೆ', ಇನ್ನು ಕೆಲವರಿಗೆ ಫ್ರೀ ಫೈರ್ ಎಂಬ ಗೇಮಿನ ಹೆಸರು. ಹಾಗಾಗಿ ಪದ ಕಂಡ ಕೂಡಲೇ ಅರ್ಥ ಹುಡುಕಲು ಹೋಗಬೇಡಿ. ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಬರೆದರು ಅನ್ನೋದನ್ನ ಮೊದಲು ನೋಡಿ.

ಹೊತ್ತು ಎಷ್ಟು ಮುಖ್ಯ ಅನ್ನೋದಕ್ಕೆ 'ಜಿಜಿ' ಸಾಕು. 'ಗುಡ್ ಗೇಮ್' ಅನ್ನುವ ಮರ್ಯಾದೆಯ ಮಾತು ಅದು. ಸ್ಟಾರ್‌ಕ್ರಾಫ್ಟ್ ಆಟಗಾರರಲ್ಲಿ ಸೋಲುವವರು ಮೊದಲು 'ಜಿಜಿ' ಅಂದು ಹೊರಡುವುದು ರೂಢಿ. ಎದುರಾಳಿ ಸೋಲೊಪ್ಪುವ ಮುಂಚೆ ಗೆಲ್ಲುವವರೇ ಅದನ್ನು ಟೈಪಿಸಿದರೆ ಅವಮಾನ. ಅಕ್ಷರ ಅವೇ ಎರಡು, ಒಂದು ನಿಮಿಷ ಹಿಂದೆಮುಂದೆ ಆದರೆ ಅರ್ಥ ತಿರುಗಾಮುರುಗಾ.

ಸ್ಲ್ಯಾಂಗ್ ಎಡವಟ್ಟಾಗಿ ಕೆಲಸವೇ ಕೆಡುವುದು 'ಲ್ಯಾಗ್' ವಿಷಯದಲ್ಲಿ. ಆಟ ಹೇಗೇ ತಡವರಿಸಲಿ, ಎಲ್ಲರೂ ಲ್ಯಾಗ್ ಅಂತಲೇ ಅನ್ನುತ್ತಾರೆ. ಆದರೆ ಇಲ್ಲಿ ಬೇರೆ ಬೇರೆ ಎರಡು ರೋಗಗಳಿವೆ. ಪಾತ್ರ ಮುಂದೆ ಓಡಿ ರಬ್ಬರ್ ಎಳೆದಂತೆ ಹಿಂದಕ್ಕೆ ಬಂದು ನಿಂತರೆ ತೊಂದರೆ ಬಹುಮಟ್ಟಿಗೆ ನೆಟ್‌ವರ್ಕಿನದು, ಪಿಂಗ್ (ಸಂದೇಶ ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಸಮಯ) ನೋಡಿ. ಚಿತ್ರವೇ ತಡೆತಡೆದು ಬಂದರೆ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಫ್ರೇಮುಗಳ (ಚಿತ್ರಗಳ) ಸಂಖ್ಯೆ, ಬಿದ್ದಿದೆ. 60 ಎಫ್‌ಪಿಎಸ್ ಅಂದರೆ ಒಂದೊಂದು ಫ್ರೇಮಿಗೆ ಸುಮಾರು 16.7 ಮಿಲಿಸೆಕೆಂಡು, ಯಂತ್ರ ಅಷ್ಟರಲ್ಲಿ ಚಿತ್ರ ಮುಗಿಸದಿದ್ದರೆ ರೂಟರ್ ಬದಲಿಸಿ ಪ್ರಯೋಜನವಿಲ್ಲ. ಸಹಾಯ ಕೇಳುವಾಗ 'ಲ್ಯಾಗ್' ಅಂದು ನಿಲ್ಲಿಸದೆ ಪಿಂಗ್, ಎಫ್‌ಪಿಎಸ್ ಎರಡನ್ನೂ ಬರೆಯಿರಿ.

ಪದ ಹುಟ್ಟಿದ ದಾರಿ ಗೊತ್ತಾದರೆ ಅರ್ಥ ಅರ್ಧ ಸಿಕ್ಕಂತೆ. ಅಂಕಿಗಳಾಗಿದ್ದರೆ ಆ ಭಾಷೆಯಲ್ಲಿ ಜೋರಾಗಿ ಓದಿ. ಥಾಯ್‌ನಲ್ಲಿ 5ಕ್ಕೆ 'ಹಾ' ಅನ್ನುತ್ತಾರೆ, ಹಾಗಾಗಿ 555 ಅಂದರೆ ನಗು. ಚೀನೀಯರ 88 'ಬಾಬಾ', ಅಂದರೆ ಬೈಬೈ. ಜಪಾನೀಯರ ನಗು ನನಗೆ ಬಲು ಇಷ್ಟ: ನಗುವಿಗಿರುವ 'ವರಾಯಿ' ಪದದ ಮೊದಲಕ್ಷರ ಡಬ್ಲ್ಯೂ, ಸಾಲಾಗಿ ಡಬ್ಲ್ಯೂ ಬರೆದರೆ ಹುಲ್ಲಿನ ಎಸಳುಗಳಂತೆ ಕಾಣುತ್ತದೆ, ಹಾಗಾಗಿ 'ಹುಲ್ಲು' ಅನ್ನುವ ಪದವೇ ನಗುವಾಯಿತು. ಧ್ವನಿಯಿಂದ ಅಕ್ಷರ, ಅಕ್ಷರದಿಂದ ಚಿತ್ರ, ಚಿತ್ರದಿಂದ ಮತ್ತೆ ಪದ!

ಓದಿ ನೋಡಿದರೂ ಅರ್ಥವಾಗದಿದ್ದರೆ ಕೀಬೋರ್ಡ್ ನೋಡಿ. ಇಂಗ್ಲಿಷಿನ 'ಓನ್' (own) ಬರೆಯಲು ಹೋಗಿ ಓ ಪಕ್ಕದ ಪಿ ಒತ್ತಿದ್ದೇ 'ಪೋನ್' (pwn) ಅಂತ ಹೇಳುತ್ತಾರೆ, ಅಂದರೆ ಎದುರಾಳಿಯನ್ನು ಪೂರ್ತಿ ಸದೆಬಡಿಯುವುದು.

ಪ್ರಾಂತ್ಯದ ಮಾತು ಇಂಟರ್ನೆಟ್ ಹತ್ತಿದ್ದಕ್ಕೆ 'ಸೆಲ್ಫಿ' ಸಾಕ್ಷಿ. ಬಾರ್ಬೆಕ್ಯೂವನ್ನು 'ಬಾರ್ಬಿ' ಅನ್ನುವ ಆಸ್ಟ್ರೇಲಿಯನ್ನರ 'ಇ' ಬಾಲವೇ ಅದಕ್ಕೂ ಇದೆ. 2002ರಲ್ಲಿ ಅಲ್ಲಿನ ಆನ್‌ಲೈನ್ ಬರಹದಲ್ಲಿ ಕಾಣಿಸಿಕೊಂಡು, 2013ರಲ್ಲಿ ಆಕ್ಸ್‌ಫರ್ಡ್‌ನ ವರ್ಷದ ಪದವಾಯಿತು. ಆದರೆ ಎಲ್ಲ ಪದವೂ ಹೀಗೆ ಒಂದೇ ಅರ್ಥ ಹೊತ್ತು ಊರೂರು ಸುತ್ತುವುದಿಲ್ಲ. 'ಪಿಸ್ಡ್' ಅಂದರೆ ಬ್ರಿಟಿಷರಿಗೆ ಕುಡಿದು ಟೈಟಾದವನು, ಅಮೆರಿಕನ್ನರಿಗೆ ಸಿಟ್ಟಾದವನು.

ಅರ್ಬನ್ ಡಿಕ್ಷನರಿ ಎಂಬ ಆನ್‌ಲೈನ್ ಸ್ಲ್ಯಾಂಗ್ ನಿಘಂಟು ನೋಡುವುದಾದರೆ ಎಲ್ಲಕ್ಕಿಂತ ಮೇಲೆ ಕಾಣುವ ಅರ್ಥ ಒಂದನ್ನೇ ನಂಬಬೇಡಿ. ಅಲ್ಲಿ ಯಾರು ಬೇಕಾದರೂ ಬರೆಯಬಹುದು. ನಮೂದಿನ ತಾರೀಖು ನೋಡಿ, ಆಮೇಲೆ ಪದದ ಜೊತೆ ಅದು ಕಂಡ ಗೇಮಿನ ಹೆಸರು ಸೇರಿಸಿ ಹುಡುಕಿ, ಬೇರೆ ಬೇರೆ ಜನ ಬಳಸಿದ ಐದಾರು ವಾಕ್ಯ ಓದಿ. ನಿಮಗೆ ಹೊಳೆದ ಅರ್ಥವನ್ನು ಪದದ ಜಾಗದಲ್ಲಿಟ್ಟು ನೋಡಿ. ಒಂದು ವಾಕ್ಯದಲ್ಲಿ ಹೊಂದದಿದ್ದರೂ ಆ ಪದವನ್ನು ಇನ್ನೂ ಬಳಸಬೇಡಿ.