ಕಾಲು ತುಳಿಯುವ ದೃಶ್ಯ: ನಮ್ಮ ಕಿರುಚಿತ್ರದ ಕೆಲಸ ಎಲ್ಲಿಗೆ ಬಂತು

ದಾವಣಗೆರೆಯ ಮಂಡಕ್ಕಿ ಭಟ್ಟಿಯ ಹುಡುಗ, ಡೊಳ್ಳು ಕುಣಿತದಲ್ಲಿ ಪಳಗಿದವನು. ಅವನಿಗೆ ಸಾಲ್ಸಾ ಎಂಬ ಜೋಡಿ ಕುಣಿತ ಕಲಿಸಲು ಹೊರಟ ಹುಡುಗಿ. ಕತೆ ಇಷ್ಟೇ. ಚಿತ್ರಕಥೆ ಮುಗಿದಿದೆ, ಹಾಡಿನ ಲಯ ಗೊತ್ತಾಗಿದೆ, ಭಟ್ಟಿಯ ಅಂಗಳದ ದೃಶ್ಯಕ್ಕೆ ತಾಲೀಮು ನಡೆದಿದೆ. ಚಿತ್ರದುರ್ಗದ ಕೋಟೆಯ ದೃಶ್ಯ ಬಾಕಿ.

ನಗು ಯಾವ ಎಣಿಕೆಯಲ್ಲಿ ಹುಟ್ಟಬೇಕು ಅನ್ನುವುದೇ ಈ ಹಂತದ ಮುಖ್ಯ ಕೆಲಸ. ಸಾಲ್ಸಾದಲ್ಲಿ ಎಣಿಕೆ 8, ಹೆಜ್ಜೆ 6: 1, 2, 3, ಆಮೇಲೆ 5, 6, 7. ನಾಲ್ಕು ಮತ್ತು ಎಂಟು ಖಾಲಿ. ಹುಡುಗ 1ಕ್ಕೆ ಎಡಗಾಲು ಮುಂದಿಡುತ್ತಾನೆ, 2ಕ್ಕೆ ಬಲಗಾಲನ್ನು ಇದ್ದಲ್ಲೇ ಊರುತ್ತಾನೆ, 3ಕ್ಕೆ ಎಡಗಾಲನ್ನು ವಾಪಸ್ ತರುತ್ತಾನೆ. 5ಕ್ಕೆ ಬಲಗಾಲು ಹಿಂದೆ ಹೋಗಬೇಕು. ನಮ್ಮ ಹುಡುಗನಿಗೆ ಖಾಲಿ ಬಿಡುವುದು ಒಗ್ಗದು. 4ಕ್ಕೂ ಬಲಗಾಲು ಊರಿಬಿಡುತ್ತಾನೆ. ಮೈಭಾರವೆಲ್ಲ ಆ ಕಾಲಿಗೆ ಬಿದ್ದ ಮೇಲೆ 5ಕ್ಕೆ ಅದು ಏಳುವುದಿಲ್ಲ. ಅದೇ 5ಕ್ಕೆ ಹುಡುಗಿಯ ಎಡಗಾಲು ಮುಂದೆ ಬಂದು ನೇರ ಅವನ ಬೆರಳ ಮೇಲೆ ಕೂರುತ್ತದೆ. ನಟ ಬೇಕೆಂದೇ ಎಡವಿದರೆ ನಾಟಕ ಎದ್ದು ಕಾಣುತ್ತದೆ. ನಾಲ್ಕಕ್ಕೆ ಒಂದು ಹೆಜ್ಜೆ ಹೆಚ್ಚು ಇಡಿಸಿದರೆ ಸಾಕು, ತುಳಿತ ತಾನಾಗಿ ಆಗುತ್ತದೆ. ಹುಡುಗಿಗೆ ಹೀಲ್ಸ್ ಮಾತ್ರ ಬೇಡ, ಮೆತ್ತನೆಯ ಚಪ್ಪಟೆ ಶೂ ಇರಲಿ.

ಇನ್ನೊಂದು ಸೂಕ್ಷ್ಮ: ಭಾರದ ಡೊಳ್ಳು ಕಟ್ಟಿ ಕುಣಿಯುವವರು ಅದಕ್ಕೆ ಸಮತೂಕ ಕೊಡಲು ಬೆನ್ನು ಹಿಂದೆ ಒಗೆದು ಹಿಮ್ಮಡಿಗೆ ಭಾರ ಬಿಡುತ್ತಾರೆ. ಜೋಡಿ ಕುಣಿತಕ್ಕೆ ಭಾರ ಮುಂಗಾಲಿಗೆ ಬರಬೇಕು. ಅವನು ಹುಡುಗಿಯತ್ತ ವಾಲುವುದನ್ನು ಕಲಿಯುವುದೇ ನಮ್ಮ ಪ್ರೇಮಕತೆಯ ನಡುಭಾಗ, ಅದಕ್ಕೆ ಮಾತು ಬರೆದಿಲ್ಲ.

ಲಯ ನಿಮಿಷಕ್ಕೆ 150 ಬೀಟ್. ಸೆಕೆಂಡಿಗೆ 25 ಫ್ರೇಮ್ ಹಿಡಿದರೆ ಬೀಟಿಗೆ ಸರಿಯಾಗಿ 10 ಫ್ರೇಮ್, 8 ಎಣಿಕೆಗೆ 80. ಸಂಕಲನದಲ್ಲಿ ಕಣ್ಣು ಮುಚ್ಚಿ ಎಣಿಸಬಹುದು. ಶಟರ್ 1/50 ಸೆಕೆಂಡಿಗೆ ಇಟ್ಟರೆ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟ್ ಮಿನುಗುವುದಿಲ್ಲ. ಸ್ಲೋ ಮೋಷನ್ನಿಗೆ 50 ಫ್ರೇಮ್ ಹಿಡಿದು 25ರಲ್ಲಿ ತೋರಿಸಿದರೆ ಕುಣಿತ ಅರ್ಧ ವೇಗಕ್ಕೆ ಇಳಿಯುತ್ತದೆ; ತಾಳ ಕೂಡಲು ಚಿತ್ರೀಕರಣದಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಬೇಕಾಗುತ್ತದೆ. ಅದು 300 ಬೀಟ್, ಕಾಲು ಓಡುವುದಿಲ್ಲ. ಹಾಗಾಗಿ ಸ್ಲೋ ಮೋಷನ್ ಮುಖಕ್ಕೆ, ದುಪಟ್ಟಾಕ್ಕೆ ಮಾತ್ರ.

ಪಾದ ಕಾಣದಿದ್ದರೆ ಈ ಸಿನಿಮಾ ಇಲ್ಲ. ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ, 35 ಎಂ.ಎಂ. ಲೆನ್ಸ್, ನಾಲ್ಕೂವರೆ ಮೀಟರ್ ದೂರ, ಸೊಂಟದೆತ್ತರ. ತಲೆಯೆತ್ತರದಿಂದ ಹಿಡಿದರೆ ಕಾಲು ಗಿಡ್ಡವಾಗಿ ಹೆಜ್ಜೆ ಸಾಯುತ್ತದೆ. ಮೂರನೇ ಎಣಿಕೆಯಿಂದ ಆರನೆಯದರವರೆಗೆ ಕಟ್ ಇಲ್ಲ.

ನೆಲದ ವಿಷಯದಲ್ಲಿ ಉದಾಸೀನ ಕೂಡದು. ಒರಟು ಸಿಮೆಂಟಿನ ಮೇಲೆ ರಬ್ಬರ್ ಅಟ್ಟೆ ಕಚ್ಚಿಕೊಳ್ಳುತ್ತದೆ, ಮೈ ತಿರುಗಿದರೂ ಪಾದ ತಿರುಗದೆ ಮೊಣಕಾಲಿಗೆ ಪೆಟ್ಟು. ಶೂನ ಮುಂಭಾಗದಡಿ ಪ್ಯಾಕಿಂಗ್ ಟೇಪ್ ಅಂಟಿಸಿದರೆ ಸಲೀಸು; ಸವೆದ ಕೂಡಲೇ ಬದಲಿಸಬೇಕು. ಚೆಲ್ಲಿದ ಮಂಡಕ್ಕಿ ಕಾಲಡಿ ಪುಡಿಯಾದರೆ ಜಾರುತ್ತದೆ, ಪ್ರತಿ ಟೇಕಿಗೂ ಗುಡಿಸಬೇಕು.

ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಅನುಮತಿ ಮೊದಲು, ಕ್ಯಾಮೆರಾ ಆಮೇಲೆ. ಅಲ್ಲಿ ಬಂಡೆಯೇ ತೊಡಕು. 35 ಮೀಟರ್ ದೂರದ ಬಂಡೆಗೆ ಬಡಿದ ಸದ್ದು ಹಿಂತಿರುಗಲು ಸುಮಾರು 0.2 ಸೆಕೆಂಡ್, ಅಂದರೆ ಅರ್ಧ ಬೀಟ್. ಕುಣಿಯುವವರ ಕಿವಿಗೆ ಅದು ಇನ್ನೊಂದು ತಾಳದಂತೆ ಕೇಳಿ ಎಣಿಕೆ ತಪ್ಪುತ್ತದೆ. ಸ್ಪೀಕರ್ ದೂರವಿದ್ದರೂ ಕಷ್ಟ: ಪ್ರತಿ 14 ಮೀಟರಿಗೆ ಒಂದು ಫ್ರೇಮ್ ತಡ. ಚಿಕ್ಕ ಸ್ಪೀಕರ್ ಮೂರು ಮೀಟರ್ ಒಳಗೆ, ಕಡಿಮೆ ಸದ್ದಿನಲ್ಲಿ, ವೈರ್ ಹಾಕಿಯೇ ಇಡುತ್ತೇವೆ. ಬ್ಲೂಟೂತ್ ತಡ ಮಾಡುತ್ತದೆ. ಕಲ್ಲು ಕಾಯುವ ಮೊದಲು, ಬೆಳಿಗ್ಗೆಯೇ ಕೆಲಸ ಮುಗಿಯಬೇಕು.

ಕೊನೆಯ ಹಾಡಿನಲ್ಲಿ ಅವನ ಆ ಹೆಚ್ಚುವರಿ ಹೆಜ್ಜೆಯನ್ನು ತೆಗೆಯುವುದಿಲ್ಲ. ಖಾಲಿಯಿದ್ದ 4ಕ್ಕೂ 8ಕ್ಕೂ ಡೊಳ್ಳಿನ ಪೆಟ್ಟು ಕೂರಿಸುತ್ತೇವೆ. ಭಾರ ಬಿಡದೆ ಬರೀ ಪಾದ ತಟ್ಟಿದರೆ 5ಕ್ಕೆ ಬಲಗಾಲು ಆರಾಮಾಗಿ ಹಿಂದೆ ಸರಿಯುತ್ತದೆ. ಡೊಳ್ಳಿನ ರೆಕಾರ್ಡಿಂಗ್ ಬಯಲಲ್ಲೇ ಆಗಬೇಕು: ಎರಡು ಎಣಿಕೆಯ ನಡುವೆ ಇರುವುದು 0.4 ಸೆಕೆಂಡ್, ಗೋಡೆಯಿರುವ ಕೋಣೆಯಲ್ಲಿ 4ರ ಗುಂಗು 5ರ ಮೇಲೆ ಹರಡುತ್ತದೆ.