ತಾರಸಿ ಗುಂಪಿನ ಕೆಲಸ ಎಲ್ಲಿಗೆ ಬಂತು: ಸೊನ್ನೆ ಬಿಲ್, ಕೆಟ್ಟ ಹೀಟರ್, ಮಧ್ಯಾಹ್ನದ ಮೋಟಾರ್

ತುಮಕೂರಿನ ನಮ್ಮ ಬಡಾವಣೆಯಲ್ಲಿ ಒಂದಷ್ಟು ಜನ ಸೇರಿ ನಡೆಸುತ್ತಿರುವ ತಾರಸಿ ಗುಂಪಿನ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಎಲ್ಲರಿಗೂ ಬೇರೆ ಬೇರೆ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಡೋಣ ಅನ್ನಿಸಿತು. ಮನೆಗಳ ತಾರಸಿಯ ಮೇಲಿನ ಸೋಲಾರ್, ಕರೆಂಟ್ ಉಳಿತಾಯ ಇವೇ ನಮ್ಮ ಕೆಲಸ. ಗುಂಪು ಅಂದರೆ ದೊಡ್ಡದೇನಲ್ಲ. ನಿವೃತ್ತ ಗಣಿತ ಮೇಷ್ಟ್ರು ಒಬ್ಬರು, ಒಬ್ಬ ಎಲೆಕ್ಟ್ರಿಷಿಯನ್, ಎಂಜಿನಿಯರಿಂಗ್ ಓದುವ ಇಬ್ಬರು ಹುಡುಗಿಯರು, ಚೀಟಿ ನಡೆಸುವ ಒಬ್ಬರು ಅಕ್ಕ, ನಾನು. ಆ ಅಕ್ಕ ಸೇರಿಕೊಂಡಿದ್ದೇ ನಮ್ಮ ಬಲ. ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ಯಾವ ಹೊತ್ತಿಗೆ ಹೋದರೆ ಕೂರಿಸಿ ಮಾತಾಡಿಸುತ್ತಾರೆ ಎಲ್ಲವೂ ಅವರಿಗೆ ಗೊತ್ತು.

ಬರದ ವರ್ಷ

ಇದು ಶುರುವಾಗಿದ್ದು 2023ರ ಬರದಲ್ಲಿ. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಜಲಾಶಯ ತುಂಬಲಿಲ್ಲ, ಜಲವಿದ್ಯುತ್ ಇಳಿಯಿತು. ಅದೇ ಹೊತ್ತಿಗೆ ಒಣಗುತ್ತಿದ್ದ ಬೆಳೆ ಉಳಿಸಿಕೊಳ್ಳಲು ರೈತರು ಪಂಪ್‌ಸೆಟ್ ಓಡಿಸಲೇಬೇಕಾಯಿತು. ಅಕ್ಟೋಬರ್ ಹೊತ್ತಿಗೆ ಕರೆಂಟ್ ಸಾಲದೆ ಎಲ್ಲೆಲ್ಲೂ ಅದೇ ಮಾತು. ಭೂಮಿ ಬಿಸಿಯಾಗುವುದಕ್ಕೂ ನಮ್ಮ ಮನೆಯ ಸ್ವಿಚ್ಚಿಗೂ ನಂಟಿದೆ ಅನ್ನುವುದನ್ನು ಆಗ ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಮೊದಲು ಅರ್ಥ್ ಅವರ್ ಮಾಡೋಣ ಅಂದರು ಹುಡುಗಿಯರು. 2007ರಲ್ಲಿ ಸಿಡ್ನಿಯಲ್ಲಿ ಶುರುವಾದ, ವರ್ಷಕ್ಕೊಮ್ಮೆ ಒಂದು ಗಂಟೆ ದೀಪ ಆರಿಸುವ ಕಾರ್ಯಕ್ರಮ ಅದು. "ಲೋಡ್ ಶೆಡ್ಡಿಂಗ್‌ನಲ್ಲಿ ದಿನಾ ಅದನ್ನೇ ಮಾಡ್ತಿದ್ದೀವಲ್ಲಮ್ಮ" ಅಂದರು ಮೇಷ್ಟ್ರು. ಆ ಯೋಚನೆ ಅಲ್ಲಿಗೇ ನಿಂತಿತು.

ಸೊನ್ನೆ ಬಿಲ್

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂತು. ಮನೆ ಮೇಲೆ 1 ಕಿಲೋವ್ಯಾಟ್ ಸೋಲಾರ್ ಹಾಕಿಸಿದರೆ 30,000 ರೂಪಾಯಿ ಸಬ್ಸಿಡಿ, 2 ಕಿಲೋವ್ಯಾಟ್‌ಗೆ 60,000, ಮೂರು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ 78,000. ನಾವು ಕರಪತ್ರ ಮಾಡಿಸಿ ಮನೆ ಮನೆಗೆ ಹೋದೆವು. ಬಹಳ ಕಡೆ ಸಿಕ್ಕ ಉತ್ತರ ಒಂದೇ: "ನಮಗೆ ಬಿಲ್ಲೇ ಬರಲ್ವಲ್ಲ?"

ಅವರು ಹೇಳಿದ್ದು ಸರಿಯೇ. 2023ರಿಂದ ಗೃಹಜ್ಯೋತಿ ಇದೆ. ಮನೆಯ ಹಿಂದಿನ ಸರಾಸರಿ ಬಳಕೆಗೆ ಒಂದಿಷ್ಟು ಸೇರಿಸಿ, 200 ಯೂನಿಟ್ ಮೀರದಂತೆ ಉಚಿತ. ಬಿಲ್ ಸೊನ್ನೆ ಇರುವ ಮನೆಗೆ ಹೋಗಿ ಲಕ್ಷಗಟ್ಟಲೆ ಹಾಕಿ ಸೋಲಾರ್ ಮಾಡಿಸಿ, ದುಡ್ಡು ಉಳಿಯುತ್ತದೆ ಅಂದರೆ ಯಾರು ಕೇಳುತ್ತಾರೆ? ಊರ ಕಡೆಯ ಸೋಲಾರ್ ಪ್ರಚಾರವೆಲ್ಲ ಉಳಿತಾಯದ ಲೆಕ್ಕದ ಮೇಲೇ ನಿಂತಿರುತ್ತದೆ. ಇಲ್ಲಿ ಆ ಲೆಕ್ಕಕ್ಕೆ ಬೆಲೆಯೇ ಇಲ್ಲ.

ಗೃಹಜ್ಯೋತಿಯನ್ನು ಬೈಯುವ ಪೈಕಿ ನಾನಲ್ಲ. ಬಾಡಿಗೆ ಮನೆಯಲ್ಲಿದ್ದು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ ಆ ಉಳಿತಾಯ ದೊಡ್ಡದು. ಆದರೆ ಅದರಲ್ಲಿ ಒಂದು ಅಂಚಿದೆ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಬೇಸಿಗೆಯಲ್ಲಿ ಎಸಿ ಹಾಕುವ ಮನೆ, ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜ್ ಮಾಡುವ ಮನೆ, ಇಂಡಕ್ಷನ್ ಒಲೆ ಬಳಸುವ ಮನೆ, ಇವರೆಲ್ಲ ಆ ಅಂಚಿನಲ್ಲೇ ಓಡಾಡುತ್ತಿರುತ್ತಾರೆ. ಸೋಲಾರ್ ಮಾತನ್ನು ನಾವು ಈಗ ಇಂಥ ಮನೆಗಳಿಗೆ ಮಾತ್ರ ಆಡುತ್ತೇವೆ. ಉಳಿದವರಿಗೆ ಹೇಳಲು ಬೇರೆ ಮಾತಿದೆ. ಅದು ಸಿಕ್ಕಿದ್ದು ತಾರಸಿ ಹತ್ತಿದ ಮೇಲೆ.

ತಾರಸಿ ಹತ್ತಿದಾಗ

ಪ್ಯಾನಲ್ ಹಾಕಲು ಯಾವ ಮನೆಯಲ್ಲಿ ಜಾಗ ಇದೆ, ಎಲ್ಲಿ ತೆಂಗಿನಮರದ ನೆರಳು ಬೀಳುತ್ತದೆ ಅಂತ ಪಟ್ಟಿ ಮಾಡಲು ಹುಡುಗಿಯರು ಹೊರಟರು. ಒಂದು ಕಿಲೋವ್ಯಾಟ್‌ಗೆ ಸುಮಾರು ನೂರು ಚದರಡಿ ಬೇಕು. ಅವರು ತಂದ ಪಟ್ಟಿಯಲ್ಲಿ ನಾವು ಕೇಳದೇ ಇದ್ದ ವಿಷಯ ಒಂದಿತ್ತು. ಮನೆ ಬಿಟ್ಟು ಮನೆಯ ಮೇಲೆ ಸೋಲಾರ್ ವಾಟರ್ ಹೀಟರ್ ಇದೆ, ಅದರಲ್ಲಿ ಬಹಳಷ್ಟು ಕೆಲಸ ಮಾಡುತ್ತಿಲ್ಲ!

ಹೊಸ ಮನೆಗೆ ಕರೆಂಟ್ ಕನೆಕ್ಷನ್ ಬೇಕಾದರೆ ಹೀಟರ್ ಇರಬೇಕು ಅನ್ನುವ ನಿಯಮಕ್ಕಾಗಿ ಹಾಕಿಸಿದವರು ಎಷ್ಟೋ ಜನ. ಕೆಲವು ವರ್ಷ ಬಳಸಿದರು, ನೀರು ಬಿಸಿಯಾಗುವುದು ಕಡಿಮೆಯಾಯಿತು, ಬಚ್ಚಲಲ್ಲಿ ಗೀಸರ್ ಬಂತು. ಹೀಟರ್ ಮೇಲೆ ಬಟ್ಟೆ ಒಣಗುತ್ತಿದೆ. 100 ಲೀಟರಿನ ಒಂದು ಹೀಟರ್ ವರ್ಷಕ್ಕೆ ಸುಮಾರು 1,500 ಯೂನಿಟ್ ಉಳಿಸುತ್ತದೆ ಅನ್ನುವುದು ಸರ್ಕಾರಿ ಲೆಕ್ಕ. 1 ಕಿಲೋವ್ಯಾಟ್ ಪ್ಯಾನಲ್ ವರ್ಷಕ್ಕೆ ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಹೊಸದನ್ನು ಮಾರಲು ಹೊರಟ ನಮ್ಮ ತಲೆ ಮೇಲೇ ಹಳೆಯದು ಸುಮ್ನೆ ಬಿದ್ದಿತ್ತು.

ಹಾಗಾಗಿ ಗುಂಪಿನ ಮುಖ್ಯ ಕೆಲಸ ಈಗ ಹೀಟರ್ ರಿಪೇರಿ. ಇದು ಯಾವ ಫೋಟೊದಲ್ಲೂ ಚೆನ್ನಾಗಿ ಕಾಣುವುದಿಲ್ಲ. ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಹೇಳಿಕೊಟ್ಟಿದ್ದನ್ನು ಇಲ್ಲಿ ಬರೆಯುತ್ತೇನೆ, ಬೇರೆ ಬಡಾವಣೆಯವರಿಗೂ ಉಪಯೋಗಕ್ಕೆ ಬರಲಿ.

ಮೊದಲು ಗಾಜಿನ ಟ್ಯೂಬಿನ ತಳ ನೋಡಬೇಕು. ಅಲ್ಲಿ ಕನ್ನಡಿಯಂಥ ಬೆಳ್ಳಿ ಬಣ್ಣ ಇದ್ದರೆ ಟ್ಯೂಬ್ ಚೆನ್ನಾಗಿದೆ. ಹಾಲಿನಂತೆ ಬೆಳ್ಳಗಾಗಿದ್ದರೆ ಎರಡು ಗಾಜಿನ ನಡುವಿನ ನಿರ್ವಾತ ಹೋಗಿದೆ, ಆ ಟ್ಯೂಬನ್ನೇ ಬದಲಿಸಬೇಕು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ಟ್ಯೂಬಿನೊಳಗೆ, ಟ್ಯಾಂಕಿನ ತಳದಲ್ಲಿ ಬಿಳಿ ಪದರ ಕಟ್ಟುತ್ತದೆ. ಅದನ್ನು ತೆಗೆದರೆ ಎಷ್ಟೋ ಹೀಟರ್ ಮತ್ತೆ ಕೆಲಸ ಮಾಡುತ್ತವೆ. ರಬ್ಬರ್ ರಿಂಗ್ ಒಣಗಿ ಸೀಳಿರುತ್ತದೆ, ಅದಕ್ಕೆ ಹೆಚ್ಚು ಖರ್ಚಿಲ್ಲ. ಎಲ್ಲವನ್ನೂ ಬೆಳಗ್ಗೆ ಬಿಸಿಲೇರುವ ಮುಂಚೆ ಮುಗಿಸಬೇಕು. ಖಾಲಿ ಟ್ಯೂಬ್ ಬಿಸಿಲಿಗೆ ಕಾದು ಕೂತಿದ್ದಾಗ ತಣ್ಣೀರು ಬಿಟ್ಟರೆ ಒಡೆದೇ ಹೋಗುತ್ತದೆ.

ಇನ್ನೊಂದು ತೊಂದರೆ ಹೀಟರಿನದ್ದಲ್ಲ, ಪೈಪಿನದು. ತಾರಸಿಯಿಂದ ಕೆಳಗಿನ ಬಚ್ಚಲಿಗೆ ಬಿಸಿನೀರು ಬರುವಷ್ಟರಲ್ಲಿ ಒಂದು ಬಕೆಟ್ ತಣ್ಣೀರು ಹೋಗುತ್ತದೆ. ನೀರಿನ ಕಷ್ಟ ಇರುವ ಊರಲ್ಲಿ ಅದನ್ನು ಯಾರು ಸಹಿಸುತ್ತಾರೆ? ಅದಕ್ಕೇ ಗೀಸರ್ ಸ್ವಿಚ್ ಒತ್ತುತ್ತಾರೆ. ಪೈಪಿಗೆ ಇನ್ಸುಲೇಷನ್ ಸುತ್ತಿಸಿದೆವು. ಮೊದಲ ಬಕೆಟ್ಟನ್ನು ಪಾತ್ರೆಗೋ ಗಿಡಕ್ಕೋ ಎತ್ತಿಡಿ ಅಂದೆವು. ಎರಡನೆಯದನ್ನು ನಾವು ಹೇಳುವ ಮುಂಚೆಯೇ ಹೆಂಗಸರು ಮಾಡುತ್ತಿದ್ದರು.

ಪಾವಗಡಕ್ಕೆ ಹೋಗಿ ಬಂದೆವು

ನಮ್ಮ ಜಿಲ್ಲೆಯಲ್ಲೇ ಇರುವ ಪಾವಗಡ ಸೋಲಾರ್ ಪಾರ್ಕನ್ನು ಗುಂಪಿನಲ್ಲಿ ಹೆಚ್ಚಿನವರು ನೋಡಿರಲಿಲ್ಲ. ಮಧುಗಿರಿ ದಾಟಿ ಹೋದೆವು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು ಸುತ್ತ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಕಣ್ಣು ಹಾಯುವಷ್ಟು ದೂರ ಪ್ಯಾನಲ್ಲೇ. ಜಮೀನನ್ನು ಕೊಂಡುಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಂಡಿದ್ದ ಜಮೀನುದಾರರಿಗೆ ಇದು ಖಚಿತ ಆದಾಯ. ಜಮೀನಿಲ್ಲದ ಕೂಲಿಯವರಿಗೆ, ಕುರಿ ಕಾಯುವವರಿಗೆ ಮಾತ್ರ ಆ ಗುತ್ತಿಗೆ ಹಣದಲ್ಲಿ ಪಾಲಿಲ್ಲ. ಹೊಲದ ಕೂಲಿಯೂ ಹೋಯಿತು, ಮೇವಿನ ಜಾಗವೂ ಹೋಯಿತು.

ವಾಪಸ್ ಬರುವಾಗ ವ್ಯಾನಿನಲ್ಲಿ ಜೋರು ಚರ್ಚೆ. ಹುಡುಗಿಯರಲ್ಲಿ ಒಬ್ಬಳು, ಕಲ್ಲಿದ್ದಲಿಗಿಂತ ಸಾವಿರ ಪಾಲು ವಾಸಿ ಅಂದಳು. ನಿಜ. ರಾಯಚೂರಿನ ಶಕ್ತಿನಗರದ 1,720 ಮೆಗಾವ್ಯಾಟ್ ಸ್ಥಾವರಕ್ಕೆ ಸಿಂಗರೇಣಿಯಿಂದ ರೈಲುಗಟ್ಟಲೆ ಕಲ್ಲಿದ್ದಲು ಬರುತ್ತದೆ. ಅದರ ಬೂದಿ, ಹೊಗೆ ಅಲ್ಲಿನವರ ಪಾಲಿಗೆ. ಆದರೆ ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ನಗರದ ತಾರಸಿಗಳು ಖಾಲಿ ಬಿದ್ದಿರುವಾಗ ಕುರಿ ಮೇಯುವ ನೆಲಕ್ಕೆ ಪ್ಯಾನಲ್ ಹಾಸುವುದು ಯಾಕೆ? ತಾರಸಿ ತುಂಬಿದ ಮೇಲೆ ಹೊಲದ ಮಾತು ಬರಬೇಕು. ಇದು ನನ್ನ ಅಭಿಪ್ರಾಯ. ಮೇಷ್ಟ್ರು ಒಪ್ಪುವುದಿಲ್ಲ. ಒಂದೊಂದೇ ಮನೆ ಹಿಡಿದು ಹೋದರೆ ಯಾವಾಗ 2,050 ಮೆಗಾವ್ಯಾಟ್ ಆಗುವುದು ಅಂತ ಅವರ ಪ್ರಶ್ನೆ. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ.

ಮಧ್ಯಾಹ್ನದ ಮೋಟಾರ್

ಎಲ್ಲರೂ, ಬಾಡಿಗೆಯವರೂ ಸೇರಿ, ಕಾಸು ಖರ್ಚಿಲ್ಲದೆ ಮಾಡಬಹುದಾದದ್ದು ಇದು. ಸೂಚಿಸಿದವನು ಎಲೆಕ್ಟ್ರಿಷಿಯನ್ ಹುಡುಗ. ಕರ್ನಾಟಕದಲ್ಲಿ ಉತ್ಪಾದನಾ ಸಾಮರ್ಥ್ಯದ ಅರ್ಧಕ್ಕಿಂತ ಜಾಸ್ತಿ ನೀರು, ಗಾಳಿ, ಬಿಸಿಲಿನದು. ಮಧ್ಯಾಹ್ನ ಲೈನಿನಲ್ಲಿ ಬಿಸಿಲಿನ ಕರೆಂಟ್ ಧಾರಾಳ. ಸಂಜೆ ಸೂರ್ಯ ಮುಳುಗಿದ ಮೇಲೆ ಎಲ್ಲರ ಮನೆಯಲ್ಲೂ ದೀಪ, ಟಿವಿ, ಮಿಕ್ಸಿ ಒಟ್ಟಿಗೆ ಶುರು. ಆಗ ಕಲ್ಲಿದ್ದಲ ಮೇಲೆ ಭಾರ ಬೀಳುತ್ತದೆ. ಬೆಳಗ್ಗೆ ಗೀಸರ್ ಹೊತ್ತಿನಲ್ಲೂ ಅದೇ ಕಥೆ.

ನಮ್ಮಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ. ಹೇಮಾವತಿ ನೀರು ಬುಗುಡನಹಳ್ಳಿ ಕೆರೆಗೆ ಬಂದು, ಅಲ್ಲಿಂದ ಸರದಿಯ ಮೇಲೆ ಬಡಾವಣೆಗಳಿಗೆ. ಹಾಗಾಗಿ ಮನೆ ಮನೆಗೂ ಸಂಪು, ಸಂಪಿನಿಂದ ಮೇಲಿನ ಟ್ಯಾಂಕಿಗೆ ಮೋಟಾರ್. ಇದನ್ನು ಜನ ಹಾಕುವುದು ಬೆಳಗ್ಗೆ ಎದ್ದ ತಕ್ಷಣ ಅಥವಾ ದೀಪ ಹಚ್ಚುವ ಹೊತ್ತಿಗೆ. ಟ್ಯಾಂಕಿಗೆ ನೀರು ಯಾವ ಹೊತ್ತಿಗೆ ಹತ್ತಿದರೇನು? ಮಧ್ಯಾಹ್ನ ಹಾಕಿ ಅಂದೆವು. ಇಸ್ತ್ರಿ, ವಾಷಿಂಗ್ ಮೆಷಿನ್, ದೋಸೆ ಹಿಟ್ಟಿನ ಗ್ರೈಂಡರ್ ಕೂಡ ಮಧ್ಯಾಹ್ನಕ್ಕೆ ತಳ್ಳಿ ಅಂದೆವು.

ಒಪ್ಪಿದವರಲ್ಲಿ ಹೆಚ್ಚಿನವರು ಮನೆಯಲ್ಲಿರುವ ಅಜ್ಜಿಯರು. ಕೆಲಸಕ್ಕೆ ಹೋಗುವ ಗಂಡ ಹೆಂಡತಿ ಮನೆಯಲ್ಲಿ ಇದು ಕಷ್ಟ. ಅವರಿಗೆ ಟೈಮರ್ ಸ್ವಿಚ್ ಹಾಕಿಕೊಟ್ಟೆವು. ಟೈಮರ್ ಜೊತೆ ಸಂಪಿನಲ್ಲಿ, ನೀರು ತಳ ಕಂಡರೆ ಮೋಟಾರ್ ನಿಲ್ಲಿಸುವ ಫ್ಲೋಟ್ ಸ್ವಿಚ್ ಇರಲೇಬೇಕು, ಮರೆಯಬೇಡಿ. ಸಂಪು ಖಾಲಿಯಿದ್ದಾಗ ಮೋಟಾರ್ ಓಡಿದರೆ ಸುಟ್ಟುಹೋಗುತ್ತದೆ, ಆಮೇಲೆ ಆ ಬೀದಿಯಲ್ಲಿ ನಮ್ಮ ಮಾತು ಯಾರೂ ಕೇಳುವುದಿಲ್ಲ.

ಸಂಜೆಯ ಈ ಕೊರತೆ ಸಣ್ಣ ವಿಷಯವಲ್ಲ. ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬೇಕು ಅನ್ನುವವರ ವಾದವೂ ಇದೇ: ಕರೆಂಟ್ ಮಿಗುವಾಗ ನೀರು ಮೇಲೆತ್ತಿ, ಬೇಡಿಕೆ ಏರಿದಾಗ ಇಳಿಸಿ ಕರೆಂಟ್ ಮಾಡೋಣ. ಆದರೆ ಆ ಕಣಿವೆ ಸಿಂಗಳೀಕಗಳ ಅಭಯಾರಣ್ಯ. ಮಲೆನಾಡಿನ ಜನ ಅದನ್ನು ವಿರೋಧಿಸುತ್ತಿದ್ದಾರೆ, ನಾವೂ ಸಹಿ ಹಾಕಿದ್ದೇವೆ. ನಮ್ಮ ಬಡಾವಣೆಯ ಮೋಟಾರುಗಳಿಂದ ಶರಾವತಿ ಉಳಿಯುತ್ತದೆ ಅಂತ ನಾನು ಹೇಳುವುದಿಲ್ಲ. ಸಹಿ ಹಾಕಿದವರು ಸಂಜೆ ಏಳಕ್ಕೆ ಮೋಟಾರ್ ಹಾಕಿದರೆ ಮಾತ್ರ ಚೆನ್ನಾಗಿರುವುದಿಲ್ಲ, ಅಲ್ವಾ?

ಪ್ಯಾನಲ್ ಹಾಕಿಸಿದ ಮನೆಗಳು

ಕೆಲವೇ ಮನೆ. 3 ಕಿಲೋವ್ಯಾಟ್‌ಗೆ ಒಳ್ಳೆ ಬಿಸಿಲಿನ ದಿನ 12 ಯೂನಿಟ್ ಆಸುಪಾಸು ಬರುತ್ತದೆ. ಆಷಾಢದ ಮೋಡದಲ್ಲಿ ಅರ್ಧಕ್ಕೂ ಇಳಿಯಬಹುದು. ಬಿರು ಬೇಸಿಗೆಯಲ್ಲಿ ಜಾಸ್ತಿ ಬರುತ್ತದೆ ಅಂದುಕೊಳ್ಳುತ್ತಾರೆ. ಆದರೆ ಪ್ಯಾನಲ್ ಕಾದಷ್ಟೂ ಉತ್ಪಾದನೆ ಸ್ವಲ್ಪ ಇಳಿಯುತ್ತದೆ. ಫೆಬ್ರವರಿ, ಮಾರ್ಚ್ ಚೆನ್ನ.

ಒಬ್ಬ ಗುತ್ತಿಗೆದಾರ ಮೇ ತಿಂಗಳಲ್ಲಿ ಬಂದು ತಾರಸಿ ನೋಡಿ, ನೀರಿನ ಟ್ಯಾಂಕಿನ ನೆರಳು ಎಲ್ಲೂ ಬೀಳುವುದಿಲ್ಲ ಅಂದ. ಮೇ ತಿಂಗಳಲ್ಲಿ ಸೂರ್ಯ ನೆತ್ತಿ ಮೇಲಿರುತ್ತಾನೆ, ಬೀಳುವುದಿಲ್ಲ ನಿಜ. ಮೇಷ್ಟ್ರು ಪೆನ್ನು ತೆಗೆದರು. ತುಮಕೂರು 13 ಡಿಗ್ರಿ ಅಕ್ಷಾಂಶದ ಹತ್ತಿರ ಇದೆ, ಡಿಸೆಂಬರ್ 21ಕ್ಕೆ ನಡುಮಧ್ಯಾಹ್ನ ಸೂರ್ಯ 53 ಡಿಗ್ರಿ ಎತ್ತರದಲ್ಲಿ ಮಾತ್ರ. ದಕ್ಷಿಣಕ್ಕಿರುವ 8 ಅಡಿಯ ಟ್ಯಾಂಕಿನ ನೆರಳು ಉತ್ತರಕ್ಕೆ 6 ಅಡಿ ಚಾಚುತ್ತದೆ, ಬೆಳಗ್ಗೆ ಸಂಜೆ ಇನ್ನೂ ಉದ್ದ. ಒಂದು ಪ್ಯಾನಲ್ ಮೇಲೆ ನೆರಳು ಬಿದ್ದರೆ ಸಾಲಿನ ಉಳಿದವುಗಳಿಗೂ ಪೆಟ್ಟು. ಜಾಗ ಬದಲಾಯಿತು. ಟ್ರಿಗನಾಮೆಟ್ರಿ ಯಾಕೆ ಓದಬೇಕು ಅಂತ ಜೀವಮಾನವೆಲ್ಲ ಕೇಳಿಸಿಕೊಂಡ ಮನುಷ್ಯ ಅವತ್ತು ಕಾಫಿಯನ್ನು ಎರಡು ಸಲ ಕುಡಿದರು.

ಹಾಕಿಸುವ ಮುಂಚೆಯೇ ಹೇಳಿಬಿಡಬೇಕಾದ ಎರಡು ವಿಷಯ ಇವೆ. ಕರೆಂಟ್ ಹೋದರೆ ಈ ಸೋಲಾರ್ ಕೂಡ ನಿಲ್ಲುತ್ತದೆ. ಲೈನಿನ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಮನೆಯಿಂದ ಶಾಕ್ ಹೊಡೆಯಬಾರದು ಅಂತ ಇನ್ವರ್ಟರ್ ತಾನೇ ಆಫ್ ಆಗುತ್ತದೆ. ಹಳೇ ಯುಪಿಎಸ್ ಮಾರಬೇಡಿ. ಎರಡನೆಯದು, ಆರ್‌ಆರ್ ನಂಬರ್, ಅಂದರೆ ಕರೆಂಟ್ ಕನೆಕ್ಷನ್ನಿನ ನಂಬರ್, ಯಾರ ಹೆಸರಲ್ಲಿದೆ ಅಂತ ನೋಡಿ. ನಮ್ಮಲ್ಲಿ ಎಷ್ಟೋ ಮನೆಯ ಬಿಲ್ ಇನ್ನೂ ತೀರಿಹೋದ ತಂದೆ, ಮಾವನ ಹೆಸರಲ್ಲೇ ಬರುತ್ತದೆ. ಅರ್ಜಿ ಹಾಕುವವರ ಹೆಸರಿಗೆ ಬದಲಾಗದೆ ಸಬ್ಸಿಡಿ ಇಲ್ಲ. ಅದಕ್ಕೆ ಮನೆಯ ಖಾತೆ ಬೇಕು, ಖಾತೆಗೆ ಅಣ್ಣ ತಮ್ಮಂದಿರು ಒಪ್ಪಬೇಕು. ಒಂದು ಮನೆಯಲ್ಲಿ ಸೋಲಾರ್ ಮಾತು ಪಾಲಿನ ಪಂಚಾಯಿತಿಯವರೆಗೆ ಹೋಯಿತು. ಅದು ಇನ್ನೂ ಮುಗಿದಿಲ್ಲ, ನಾವು ಆ ಕಡೆ ತಲೆ ಹಾಕುತ್ತಿಲ್ಲ.

ಈಗ

ಹೀಟರ್ ಟ್ಯೂಬನ್ನು ಬಿಡಿಬಿಡಿಯಾಗಿ ಕೊಂಡರೆ ದುಬಾರಿ, ಒಟ್ಟಿಗೆ ತರಿಸೋಣ ಅಂತ ಚೀಟಿ ಅಕ್ಕ ಹಣ ಸೇರಿಸುತ್ತಿದ್ದಾರೆ. ದೇವಸ್ಥಾನದ ಸಮಿತಿಯವರು ತಾರಸಿ ಕೊಡಲು ಒಪ್ಪಿದ್ದಾರೆ, ಆದರೆ ಗೋಪುರದ ನೆರಳಿನ ಲೆಕ್ಕ ಆಗಬೇಕು. ಮೇಷ್ಟ್ರಿಗೆ ಮಂಡಿನೋವು, ಮೆಟ್ಟಿಲು ಹತ್ತುವುದಿಲ್ಲ. ಹುಡುಗಿಯರು ಟೇಪು ಹಿಡಿದು ಹೋಗಿ ಅಳತೆ ತರುತ್ತಾರೆ, ಇವರು ಕೆಳಗೆ ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕುತ್ತಾರೆ. ಪರೀಕ್ಷೆ ಮುಗಿಯಲಿ ಅಂತ ಕಾಯುತ್ತಿದ್ದೇವೆ. ಹಳೇ ಹೀಟರಿನ ಒಳ್ಳೆ ಟ್ಯೂಬ್ ಯಾರ ಮನೆಯಲ್ಲಾದರೂ ಮೂಲೆಯಲ್ಲಿ ಬಿದ್ದಿದ್ದರೆ ಗುಜರಿಗೆ ಹಾಕಬೇಡಿ, ತಳದ ಬಣ್ಣ ನೋಡಿ ನಮಗೆ ತಿಳಿಸಿ.